ಮಾವನ ಮೂರು ಉಡದಾರ

ಕಣ್ಣು ಮುಚ್ಚಿದರೆ ಆ ಕೋಣೆಯ ಬಾಗಿಲು ಈಗಲೂ ತೆರೆದುಕೊಳ್ಳುತ್ತದೆ. ರಾಯಚೂರಿನ ಒಂದು ಸ್ಕ್ಯಾನಿಂಗ್ ಸೆಂಟರ್. ಒಳಗೆ ಹೊರಟವರು ದೇವದುರ್ಗದ ನನ್ನ ಸೋದರಮಾವ. ಅವರ ಉಂಗುರ, ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತವನು ನಾನು, ಬಿ.ಎಸ್ಸಿ.ಯಲ್ಲಿ ಅಯಸ್ಕಾಂತದ ಪಾಠವನ್ನು ಎರಡು ಸಲ ಓದಿ ಪಾಸಾದವನು.

ಮಾವ ನಿವೃತ್ತ ಉಪನ್ಯಾಸಕರು. ನಿವೃತ್ತಿ ಖಾತೆಯ ಹಣವನ್ನು ಕಂತಿನಲ್ಲಿ ಪಡೆಯುವುದಾಗಿ ಬರೆದುಕೊಟ್ಟಿದ್ದರು. ಹಾಗಾಗಿ ಬೇಕಿರಲಿ ಬೇಡವಾಗಿರಲಿ, ವರ್ಷಕ್ಕೊಮ್ಮೆ ಒಂದು ಭಾಗ ಹೊರಗೆ ಬರಲೇಬೇಕು. ಮೊದಲ ಕಂತಿಗೆ ಬಂಗಾರ ಕೊಂಡರು. ಅದು ಅತ್ತೆಯ ಕೊರಳಿಗೆ ಹೋಯಿತು, ತಿರುಗಿ ಬರಲಿಲ್ಲ. ಎರಡನೆಯ ವರ್ಷಕ್ಕೆ ಮಾವ ಜಾಣರಾದರು.

"ಬರೇ ಬಂಗಾರ ನೆಚ್ಚಿ ಕುಂದರಬಾರ್ದಲೇ. ಅದರ ರೇಟು ಬಿದ್ದಾಗ ಇನ್ನೊಂದು ಎದ್ದಿರಬೇಕು. ಬೆಳ್ಳಿನೂ ಬೇಕು" ಎಂದು ಮಾನ್ವಿಯ ಪತ್ತಾರರಲ್ಲಿ ಬೆರಳು ದಪ್ಪದ ಉಡದಾರ ಮಾಡಿಸಿ ಸೊಂಟಕ್ಕೆ ಹಾಕಿಕೊಂಡರು. ಮುಂದಿನ ಎರಡು ಕಂತಿಗೂ ಒಂದೊಂದು. ಕಳ್ಳರು ಬಿಚ್ಚಬಾರದೆಂದು ಕೊಂಡಿಗೆ ಬೆಸುಗೆ. ಟ್ರಂಕಿನ ಕಬ್ಬಿಣದ ಕೀಲಿಕೈಯನ್ನೂ ಅದಕ್ಕೇ ಕಟ್ಟಿದ್ದರು. ಇಂಥ ಲಾಕರ್ ಯಾವ ಬ್ಯಾಂಕಿನಲ್ಲೂ ಇಲ್ಲವೆಂದು ಅವರ ಹೆಮ್ಮೆ. ಅಷ್ಟರಲ್ಲಿ ನಡುನೋವು ಶುರುವಾಯಿತು, ಡಾಕ್ಟರು ಎಂಆರ್‌ಐ ಬರೆದರು.

"ಯಪ್ಪಾ, ಮೈಮ್ಯಾಗ ಬಂಗಾರ, ಬೆಳ್ಳಿ, ಕಬ್ಬಿಣ ಏನರೆ ಅದ ಏನ್ರಿ?" ಎಂದು ಯಂತ್ರ ನಡೆಸುವ ಹುಡುಗಿ ಕೇಳಿದಳು.

"ಎಲ್ಲಾ ತೆಗದು ಈ ಅಳಿಯಗ ಕೊಟ್ಟೀನವ್ವಾ."

ಅವರು ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಉಡದಾರ ಆಭರಣವಲ್ಲ, ಮೈಯ ಭಾಗ. ಕೂಸಿದ್ದಾಗ ನಡುವಿಗೆ ಬಂದದ್ದನ್ನು ಹೆಣದ ಮೇಲೆಯೇ ಕತ್ತರಿಸುವುದು. ಕಿವಿ ತೆಗೆದಿಟ್ಟಿದ್ದೀರಾ ಎಂದು ಯಾರಾದರೂ ಕೇಳುತ್ತಾರೆಯೇ? ನನಗೂ ಹೊಳೆಯಲಿಲ್ಲ. ತಲೆಯಾಡಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ.

ಹಸಿರು ಗೌನು ತೊಟ್ಟ ಮಾವ ಒಳಗೆ ಮೂರು ಹೆಜ್ಜೆ ಇಟ್ಟರು. ನಾಲ್ಕನೆಯದನ್ನು ಅವರು ಇಡಲಿಲ್ಲ, ಯಂತ್ರವೇ ಇಡಿಸಿತು. ಗೌನಿನ ಎಡಮಗ್ಗುಲು ತಾನಾಗಿ ಎದ್ದು ಅದರ ಕಡೆ ಬೆರಳು ಮಾಡಿ ನಿಂತಿತು.

"ಲೇ, ಯಾರೋ ನನ್ನ ಉಡದಾರ ಜಗ್ಗಾಕತ್ತಾರ" ಎಂದರು ಮಾವ, ಸಿಟ್ಟಿನಿಂದ.

ಆಗ ಕೀಲಿಕೈ ನೆನಪಾಯಿತು, ಎಂಆರ್‌ಐ ಯಂತ್ರವೆಂದರೆ ದೊಡ್ಡ ಅಯಸ್ಕಾಂತ ಎಂಬುದೂ. ಕಟ್ಟಿದ ದಾರ ಹರಿದರೆ ಅದು ಗುಂಡಿನಂತೆ ಹಾರುತ್ತದೆ. ಹರಿಯದಿದ್ದರೆ ಮಾವನೇ ಹೋಗಿ ಯಂತ್ರಕ್ಕೆ ಅಂಟುತ್ತಾರೆ. ಎರಡರಲ್ಲಿ ಯಾವುದು ವಾಸಿ ಎಂದು ನಾನು ನಿಂತಲ್ಲೇ ಯೋಚಿಸುತ್ತಿದ್ದೆ. ಹುಡುಗಿ ಯೋಚಿಸಲಿಲ್ಲ. ಓಡಿ ಹೋಗಿ ಮಾವನನ್ನು ಹಿಂದಿನಿಂದ ತಬ್ಬಿ ಎಳೆದಳು. ನನ್ನ ಹಿಂದೆ ನಿಂತಿದ್ದ ಅತ್ತೆ ನನ್ನನ್ನು ಪಕ್ಕಕ್ಕೆ ದಬ್ಬಿ ಹೋಗಿ ಹುಡುಗಿಯನ್ನು ಎಳೆದರು. ಮೂವರೂ ಒಟ್ಟಿಗೆ ನನ್ನ ಕಾಲ ಬಳಿ ಬಿದ್ದರು.

ಕೀಲಿಕೈ ಬಿಚ್ಚಿದ್ದಾಯಿತು. ಬೆಳ್ಳಿಯೂ ಇರಕೂಡದು, ಕಾದು ಸುಡುತ್ತದೆ ಎಂದಳು ಹುಡುಗಿ. ಬೆಸುಗೆ ಹಾಕಿದ್ದನ್ನು ಕತ್ತರಿಸಲೇಬೇಕು.

"ಜೀವ ಇರೂ ಮನಶ್ಯಾನ ಉಡದಾರ ಕತ್ತರಸ್ತೀರೇನು? ನೋವಿದ್ರ ಇರ್ಲಿ, ನಾ ಹೊಂಟೆ."

ಅತ್ತೆ ಎದುರಿನ ಅಂಗಡಿಯಿಂದ ಕರಿ ನೂಲು ತಂದರು. "ಮೊದ್ಲ ಇದನ್ನ ಕಟ್ಟಿಕೋರಿ, ಆಮ್ಯಾಲ ಅದನ್ನ ಕತ್ತರಸ್ಲಿ. ನಡು ಬರಿದಿರಂಗಿಲ್ಲ, ನನ್ನ ಕುಂಕುಮಕ್ಕೂ ಏನೂ ಆಗಂಗಿಲ್ಲ."

ಮಾವ ನೂಲು ಕಟ್ಟಿಕೊಂಡರು. ಬಜಾರದಿಂದ ಬಂದ ಪತ್ತಾರ ಕಟಕಟನೆ ಮೂರನ್ನೂ ಕತ್ತರಿಸಿದ. ಅತ್ತೆ ಎತ್ತಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು. ಮಾವ ಆ ಬ್ಯಾಗಿನ ಜಿಪ್ಪು ಮುಚ್ಚುವವರೆಗೂ ನೋಡಿದರು.

"ಮುಂದಿನ ಕಂತಿಗೆ ಫಂಡಿನ್ಯಾಗ ಕಾಗದದ ಬಂಗಾರ ತಗೋತೀನಿ. ಅದನ್ನ ಮಷೀನೂ ಜಗ್ಗಂಗಿಲ್ಲ, ಇಕಿನೂ ಹಾಕ್ಕೊಳಂಗಿಲ್ಲ" ಎಂದು ಒಳಗೆ ಹೋದರು.

ಅರ್ಧ ಗಂಟೆ ಯಂತ್ರ ಬಡಿದುಕೊಂಡಿತು. ಪ್ರತಿ ಬಡಿತಕ್ಕೂ ನಾನು ಬೆಂಚಿನಿಂದ ಎದ್ದು ಕೂತೆ. ಹೊರಬಂದ ಮಾವ ನನ್ನನ್ನು ನೋಡಿ ನಿಂತು, ಹುಡುಗಿಗೆ ಹೇಳಿದರು:

"ಇವನದೂ ಒಂದು ಸ್ಕ್ಯಾನ್ ತೆಗೀ ಯವ್ವಾ. ಮಾರಿ ನೋಡು, ನನಗಿಂತ ಇವನೇ ಪೇಶಂಟ್ ಆಗ್ಯಾನ."