ಬಾಯಿ ತುಂಬಿದ್ದಾಗ ಹೇಳಿದ ಮಾತು

ತೋಕಿಕೊ ನನ್ನ ಸುಶಿ ತರಗತಿಗೆ ಹೆಸರು ಕೊಟ್ಟಾಗಲೇ ನನಗೆ ಗುಮಾನಿ ಬಂದಿತ್ತು. ಒಸಾಕಾದ ನಮ್ಮ ಬೀದಿಯಲ್ಲಿ ಮೂವತ್ತು ವರ್ಷ ತೋಫು, ಅಂದರೆ ಸೋಯಾ ಪನೀರು, ಮಾರಿದವಳು, ಮನೆಯಲ್ಲಿ ಒಂದು ದಿನವೂ ಸುಶಿಯ ಅನ್ನದ ಸುರುಳಿ ಸುತ್ತಿದವಳಲ್ಲ. ಅರವತ್ತೆಂಟರಲ್ಲಿ ಇದೆಂಥ ಹುಮ್ಮಸ್ಸು? ಜೊತೆಗೆ ಪಕ್ಕದ ಮನೆಯ ಗೆಳತಿ ಮಸುಯೊಳನ್ನೂ ಎಳೆದು ತಂದಿದ್ದಳು.

ಕಲಿಯುವುದರಲ್ಲಿ ಅವಳು ದಡ್ಡಿ, ಹೇಳಿಬಿಡುತ್ತೇನೆ. ನೀರಿನಿಂದ ತೋಫು ಎತ್ತಿ ಎತ್ತಿ ಪಳಗಿದ ಕೈ, ಯಾವುದನ್ನೂ ಬಿಗಿಯಾಗಿ ಹಿಡಿಯಲು ಬಾರದು. ಬಿದಿರ ಚಾಪೆ ಮಡಚಿ ಒತ್ತು ಎಂದರೆ ಹಸುಗೂಸನ್ನು ತಟ್ಟುವಂತೆ ತಟ್ಟುತ್ತಿದ್ದಳು. ಅನ್ನವೆಲ್ಲ ಎರಡೂ ತುದಿಯಿಂದ ಹೊರಗೆ.

"ಅಯ್ಯೋ, ಒತ್ತೇ! ಸತ್ತೋಗಲ್ಲ ಅದು," ಎಂದು ಗದರಿದೆ.

"ಬೈಬೇಡಿ ಟೀಚರಮ್ಮ. ಒಂದು ಮಾತು ಹೇಳಿ, ಇದನ್ನ ಪೂರ್ತಿ ತಿನ್ನೋಕೆ ಎಷ್ಟೊತ್ತು ಬೇಕು?"

"ಹಲ್ಲು ಗಟ್ಟಿ ಇದ್ರೆ ಐದು ನಿಮಿಷ."

"ಇನ್ನೂ ದಪ್ಪ ಮಾಡಿದ್ರೆ?"

ಹೊಟ್ಟೆಬಾಕಿ ಇರಬೇಕು ಅಂದುಕೊಂಡೆ. ಅವಳ ಲೆಕ್ಕಾಚಾರ ಬೇರೆಯೇ ಇತ್ತು.

ಹನ್ನೊಂದು ವರ್ಷದ ಹಿಂದಿನ ಮಾತು. ಮಸುಯೊಳ ಮಗಳು ಚಿಹಾರು ಮದುವೆಯ ವಿಷಯಕ್ಕೆ ತಾಯಿಯ ಜೊತೆ ಜಗಳವಾಡಿ ಮನೆ ಬಿಟ್ಟಿದ್ದಳು. ವರ್ಷದ ಕೊನೆಯ ವಾರ ತೋಫು ಅಂಗಡಿಗೆ ಅವಳ ಫೋನು ಬಂತು. "ಅಮ್ಮ ನನ್ನ ಫೋನ್ ತೆಗೀತಿಲ್ಲ ಆಂಟಿ. ಸ್ಟೇಷನ್ನಲ್ಲಿ ನಾಲ್ಕು ಗಂಟೆವರೆಗೂ ಕಾಯ್ತೀನಿ, ಅಮ್ಮ ಬಂದ್ರೆ ಮನೆಗೆ ಬರ್ತೀನಿ ಅಂತ ಹೇಳಿ." ಹಬ್ಬದ ಗಿರಾಕಿಗಳು ಸಾಲುಗಟ್ಟಿದ್ದರು, ಬಾಣಲೆಯಲ್ಲಿ ತೋಫು ಕರಿಯುತ್ತಿತ್ತು. ತೋಕಿಕೊಗೆ ಆ ಮಾತು ನೆನಪಾದದ್ದು ಅಂಗಡಿಯ ಬಾಗಿಲು ಎಳೆಯುವಾಗ, ಐದೂವರೆಗೆ.

ಮರೆತದ್ದು ತಪ್ಪಲ್ಲ, ಯಾರಿಗಾದರೂ ಆಗುತ್ತದೆ. ಆಮೇಲೆ ಬಾಯಿ ಬಿಡದೆ ಉಳಿದದ್ದು ತಪ್ಪು. ಚಿಹಾರು ದೂರದ ಉತ್ತರದ ಹೊಕ್ಕೈಡೊಗೆ ಹೋಗಿ ನೆಲೆಸಿದಳು. ಹೊಸ ವರ್ಷಕ್ಕೊಂದು ಕಾರ್ಡು ಬರುತ್ತದೆ, ಅಷ್ಟೇ. "ಕಲ್ಲು ಮನಸ್ಸಿನವಳು, ಒಂದ್ಸಲ ಬಂದು ಮುಖ ತೋರಿಸಲಿಲ್ಲ," ಎಂದು ಮಸುಯೊ ಅತ್ತಾಗಲೆಲ್ಲ ತೋಕಿಕೊ ಅವಳ ಬೆನ್ನು ಸವರಿ "ಹೌದು ಕಣೇ, ಹೌದು," ಎನ್ನುತ್ತಿದ್ದಳು. ಇದನ್ನೆಲ್ಲ ಆಮೇಲೆ ಅವಳೇ ನನ್ನ ಬಳಿ ಹೇಳಿಕೊಂಡಳು.

ಫೆಬ್ರವರಿ ಮೂರು, ಚಳಿಗಾಲವನ್ನು ಕಳಿಸಿಕೊಡುವ ಹಬ್ಬ, ತರಗತಿಯ ಕೊನೆಯ ದಿನ. ಅಂದು ಸುರುಳಿಯನ್ನು ಕತ್ತರಿಸುವ ಹಾಗಿಲ್ಲ, ಕತ್ತರಿಸಿದರೆ ನಂಟು ಕತ್ತರಿಸಿದಂತೆ. ವರ್ಷದ ಶುಭದಿಕ್ಕಿಗೆ ಮುಖ ಮಾಡಿ, ಕೊನೆಯ ತುತ್ತು ಇಳಿಯುವ ತನಕ ತುಟಿಪಿಟಕ್ಕೆನ್ನದೆ ತಿನ್ನಬೇಕು. "ಮಾತಾಡಿದವರ ಅದೃಷ್ಟ ಹಾರಿಹೋಯ್ತು ಅಂತ್ಲೇ ಲೆಕ್ಕ," ಎಂದು ಎಲ್ಲರ ಮೇಲೂ ಕಣ್ಣು ಬಿಟ್ಟೆ. ತೋಕಿಕೊ ಮಸುಯೊಗೆಂದು ತಾನೇ ಒಂದು ಸುರುಳಿ ಸುತ್ತಿಕೊಟ್ಟಳು. ಮೊಟ್ಟೆ, ಅಣಬೆ, ಸೌತೆಕಾಯಿ, ಸಿಹಿಯಾಗಿ ಬೇಯಿಸಿದ ಸೋರೆಕಾಯಿಯ ಎಳೆ ಎಲ್ಲ ದುಪ್ಪಟ್ಟು. ಅದೊಂದನ್ನು ಮಾತ್ರ ಗಟ್ಟಿಯಾಗಿ ಒತ್ತಿದ್ದಳು.

ಎಲ್ಲರೂ ಆ ದಿಕ್ಕಿನ ಗೋಡೆಯ ಕಡೆ ತಿರುಗಿ ಕಚ್ಚಿದರು. ತೋಕಿಕೊ ಕಚ್ಚಲಿಲ್ಲ. ಮಸುಯೊಳ ಕಿವಿಯ ಹತ್ತಿರ ಬಾಗಿದಳು. ನಾನು ಅವರ ಹಿಂದೆಯೇ ಚಹಾ ಬಗ್ಗಿಸುತ್ತಿದ್ದೆ, ಪ್ರತಿಯೊಂದು ಮಾತೂ ಕೇಳಿಸಿತು.

"ಚಿಹಾರು ಬಂದಿದ್ಲು ಕಣೇ. ಸ್ಟೇಷನ್ನಲ್ಲಿ ನಿನಗೆ ಕಾದ್ಲು. ನಿನಗೆ ಹೇಳು ಅಂದಿದ್ಲು, ನಾನು ಮರೆತೆ. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ. ನಿನ್ನ ಮಗಳು ಕಲ್ಲಲ್ಲ. ಪಾಪಿ ನಾನು."

ಎಂಥ ಹೇಡಿ ಎಂದು ನನಗೆ ಸಿಟ್ಟು ಉಕ್ಕಿತು. ಬಾಯಿ ತುಂಬಿ ಮಸುಯೊ ತಿರುಗಿ ಬೈಯಲಾಗದ ಗಳಿಗೆ ನೋಡಿ ಹೇಳಿದ್ದಳು. ಸುರುಳಿ ದಪ್ಪ ಮಾಡಿದ್ದೂ ಇದಕ್ಕೇ. ಮರುಕ್ಷಣವೇ ಅವಳು ತನ್ನ ಸುರುಳಿಯನ್ನು ತಟ್ಟೆಯಲ್ಲೇ ಬಿಟ್ಟು ಕೂತದ್ದು ಕಂಡು ಪಾಪ ಅನ್ನಿಸಿತು.

ಮಸುಯೊಳ ದವಡೆ ನಿಂತಿತು. ಆಮೇಲೆ ಮತ್ತೆ ಅಗಿಯತೊಡಗಿದಳು. ಕಣ್ಣೀರು ಸುರುಳಿಯ ಮೇಲೇ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಿಂದು ಮುಗಿಸಲು ಹತ್ತು ನಿಮಿಷವಾದರೂ ಹಿಡಿದಿರಬೇಕು. ಉಳಿದವರೆಲ್ಲ ಮುಗಿಸಿ ಪಾತ್ರೆ ತೊಳೆಯಲು ಹೋದರು. ಕೊನೆಯ ತುತ್ತು ನುಂಗಿ, ಚಹಾ ಕುಡಿದು, ಮಸುಯೊ ತೋಕಿಕೊಳ ಕಡೆ ತಿರುಗಿದಳು.

"ನಿಂದು ಎತ್ಕೋ. ತಿನ್ನು."

ತೋಕಿಕೊ ಗೋಡೆಯ ಕಡೆ ತಿರುಗಿ ಕಚ್ಚಿದಳು.

"ಈಗ ನಾನು ಹೇಳ್ತೀನಿ, ನೀನು ಕೇಳು," ಎಂದಳು ಮಸುಯೊ. "ಹನ್ನೊಂದು ವರ್ಷ ನನ್ನ ಮಗಳನ್ನ ನಿನ್ನ ಮುಂದೇನೇ ಬೈದೆ. ನೀನು ಬೈಸಿದೆ. ನನಗೆ ಹೇಳಿದ್ದು ಸಾಲದು. ಅಮ್ಮ ಬರ್ಲಿಲ್ಲ ಅಂತ ಅಲ್ಲಿ ನಿಂತು ಅತ್ತೋಳು ಅವಳು. ಇವತ್ತೇ ಅವಳಿಗೆ ಫೋನ್ ಮಾಡು. ಊಟಕ್ಕೆ ಕೂತಿದ್ದೀಯಾ ಅಂತ ಮೊದ್ಲು ಕೇಳು. ಅವಳ ಬಾಯಿ ಖಾಲಿ ಇದ್ದಾಗ ಹೇಳು, ಅವಳಿಗಾದ್ರೂ ತಿರುಗಿ ಬೈಯೋಕಾಗ್ಲಿ."

ತೋಕಿಕೊಳ ಕೈಯಲ್ಲಿ ಇನ್ನೂ ಅರ್ಧ ಸುರುಳಿ ಇತ್ತು.