ಜೀಪಿಗೆ ಡೀಸೆಲ್ ಅಭಿಷೇಕ

ಈ ಸಲದ ಆಯುಧಪೂಜೆಯ ಮಾರನೆಯ ದಿನ ಕಾರು ಹಿಂದಕ್ಕೆ ತೆಗೆಯಲು ಹೋದರೆ ಪರದೆಯ ತುಂಬ ಕೆಂಪು. ಹಿಂಬದಿಯ ಕ್ಯಾಮೆರಾದ ಕಣ್ಣಿಗೇ ನಾನು ಕುಂಕುಮ ಮೆತ್ತಿದ್ದೆ. ಇಳಿದು ಬಗ್ಗಿದಾಗ ಕುಂಕುಮ, ಜಜ್ಜಿದ ನಿಂಬೆಹಣ್ಣು, ಡೀಸೆಲ್ ಮೂರೂ ಬೆರೆತ ವಾಸನೆ ಬಡಿಯಿತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಆ ವಾಸನೆಯ ಹಕ್ಕುದಾರರು ಒಬ್ಬರೇ ಇದ್ದರು... ಎದುರು ಮನೆಯ ಯಜಮಾನರು.

ಅವರದೊಂದು ಹಳೆಯ ಫೋರ್ ವೀಲ್ ಜೀಪು, ನಾಲ್ಕೂ ಚಕ್ರ ಎಳೆಯುವಂಥದ್ದು. ಅದರ ಮಹಿಮೆಯನ್ನು ಹತ್ತು ವರ್ಷ ಕೇಳಿದ್ದೆ. ಕಂಡದ್ದು ಮಾತ್ರ, ಶನಿವಾರ ಹತ್ತಿರದ ಮಧುರೆಗೆ ಶನಿದೇವರ ದರ್ಶನಕ್ಕೆಂದು ಡಾಂಬರು ರಸ್ತೆಯಲ್ಲಿ ಹೋಗಿಬರುವುದನ್ನು. ಪ್ರತಿ ಆಯುಧಪೂಜೆಗೂ ತುಪ್ಪದಲ್ಲಿ ಕಲಸಿದ ಕುಂಕುಮವನ್ನು ಮುಂದಿನ ಚಕ್ರಗಳ ನಡುವಿನ ಹಬ್ಬಿಗೆ ಧಾರಾಳವಾಗಿ ಬಳಿಯುತ್ತಿದ್ದರು. ದೇವರ ಹೆಸರಲ್ಲಿ ಇಟ್ಟದ್ದನ್ನು ಒರೆಸಕೂಡದು ಎಂಬುದು ಅವರ ಸಂವಿಧಾನ. ಶಿವಗಂಗೆಯಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ. ಇವರ ಜೀಪಿನ ಮೇಲೆ ಅದು ಸಿಮೆಂಟಾಗಿತ್ತು.

ಒಂದು ವರ್ಷ ದೂರದ ರಾಷ್ಟ್ರೀಯ ಉದ್ಯಾನವೊಂದರಲ್ಲಿ ಪ್ರಾಣಿ ಗಣತಿಗೆ ಸ್ವಯಂಸೇವಕರು ಬೇಕಾಗಿದ್ದರು. ಇಬ್ಬರೂ ಹೊರಟೆವು. ಜೀಪನ್ನು ನೋಡಿ ಅರಣ್ಯದವರು ಯಾರೂ ಹೋಗದ ಒಳದಾರಿಯನ್ನೇ ಕೊಟ್ಟರು, ಜೊತೆಗೊಬ್ಬ ಗಾರ್ಡನ್ನೂ. ಸಂಜೆಯ ಹೊತ್ತಿಗೆ ಒಂದು ಹಳ್ಳದ ಮರಳಿನಲ್ಲಿ ಜೀಪು ಹೂತುಹೋಯಿತು.

"ಈಗ ನೋಡಿ ಮೇಷ್ಟ್ರೇ, ಫೋರ್ ವೀಲ್ ಹಾಕ್ತೀನಿ," ಎಂದು ಯಜಮಾನರು ರಾಜಗಾಂಭೀರ್ಯದಿಂದ ಲಿವರ್ ಎಳೆದರು. ಹಿಂದಿನ ಚಕ್ರಗಳು ಇನ್ನಷ್ಟು ಆಳಕ್ಕೆ ಇಳಿದವು. ಮುಂದಿನವು ಪ್ರೇಕ್ಷಕರಂತೆ ಸುಮ್ಮನಿದ್ದವು.

"ಮುಂದಿನ ಹಬ್ ತಿರುಗಿಸಿದ್ರಾ ಸ್ವಾಮಿ?" ಎಂದ ಗಾರ್ಡ್.

ಆ ಹಬ್ಬಿನ ಬಿಲ್ಲೆಗಳನ್ನು ಕೈಯಿಂದ ತಿರುಗಿಸಿದರಷ್ಟೇ ಇಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುವುದು. ತಿರುಗಿಸಲು ಬಿಲ್ಲೆ ಕಂಡರೆ ತಾನೇ? ಅಲ್ಲಿದ್ದುದು ಹತ್ತು ವರ್ಷಗಳ ಭಕ್ತಿ. ಗಾರ್ಡ್ ಮಚ್ಚು ತೆಗೆದ.

"ಕೆರೀಬೇಡ ಕಣಪ್ಪಾ, ಪೂಜೆ ಮಾಡಿರೋದು!"

"ಆನೆಗಳು ನೀರಿಗೆ ಇಳಿಯೋದು ಇಲ್ಲೇ ಸ್ವಾಮಿ. ಅವಕ್ಕೆ ಪೂಜೆ ಗೀಜೆ ಗೊತ್ತಾಗಲ್ಲ."

ಪಕ್ಕದ ಲದ್ದಿಯಿಂದ ಇನ್ನೂ ಆವಿ ಏಳುತ್ತಿತ್ತು. ನನ್ನ ತಾಳ್ಮೆ ಕಿತ್ತುಹೋಯಿತು. "ಯಜಮಾನ್ರೇ, ಆನೆ ಎಣಿಸೋಕೆ ಬಂದಿದ್ದೀವಿ. ಅವು ನಮ್ಮನ್ನ ಎಣಿಸೋ ಹಾಗೆ ಮಾಡ್ಬೇಡಿ!"

ಆ ಮನುಷ್ಯ ಮರಳಿನ ಮೇಲೆ ಕೂತು ಧರ್ಮಸೂಕ್ಷ್ಮ ಯೋಚಿಸತೊಡಗಿದರು! ಮರದಾಚೆ ಬಿದಿರು ಲಟಕ್ಕೆಂದಿತು. ತೀರ್ಪು ಹೊರಬಿತ್ತು: "ಕೆರೆದ್ರೆ ದೋಷ. ಅಭಿಷೇಕ ಮಾಡಿದ್ರೆ ಇಲ್ಲ."

ಮೊದಲು ಜೀಪಿನಲ್ಲಿಟ್ಟಿದ್ದ ಶಿವಗಂಗೆಯ ತೀರ್ಥ ಸುರಿದರು. ತುಪ್ಪದ ಮೇಲೆ ಅದು ಜಾರಿಹೋಯಿತು. ಆಮೇಲೆ ಕ್ಯಾನಿನ ಡೀಸೆಲ್ಲನ್ನೇ ಎಳ್ಳೆಣ್ಣೆಯೆಂದು ಭಾವಿಸಿ ಶನಿದೇವರನ್ನು ನೆನೆಯುತ್ತ ಧಾರೆಯಾಗಿ ಎರೆದರು. ಭಕ್ತಿ ಕರಗಿತು. ಕೊನೆಗೆ ಹೆಗಲ ಟವೆಲ್ಲನ್ನು ನನ್ನತ್ತ ಚಾಚಿದರು.

"ನೀವು ಒರೆಸಿ ಮೇಷ್ಟ್ರೇ. ನಿಮಗೆ ಹೇಗೂ ನಂಬಿಕೆ ಇಲ್ವಲ್ಲ."

ಹಲ್ಲು ಕಚ್ಚಿ ಒರೆಸಿದೆ. ಬಿಲ್ಲೆ ತಿರುಗಿತು, ಜೀಪು ದಡ ಹತ್ತಿತು. ತಿರುಗಿ ನೋಡಿದರೆ ಹಳ್ಳದಲ್ಲಿ ಮೊದಲ ಸೊಂಡಿಲು. ಉದ್ಯಾನದ ಗೇಟು ದಾಟಿದ್ದೇ ಯಜಮಾನರು ಬ್ರೇಕ್ ಹಾಕಿ ಇಳಿದರು. ಏನಾಯಿತೋ ಎಂದು ಗಾಬರಿಯಿಂದ ನೋಡಿದರೆ ಹಬ್ಬಿಗೆ ಹೊಸದಾಗಿ ಕುಂಕುಮ ಇಡುತ್ತಿದ್ದರು...

ಹೋದ ವರ್ಷ ಅವರು ತೀರಿಕೊಂಡರು. ಜೀಪು ಗುಜರಿಗೆ ಹೋಯಿತು.

ಕ್ಯಾಮೆರಾ ಒರೆಸಲು ಬಟ್ಟೆ ತಂದೆ. ಹಿಂದೆ ಒರೆಸಿದ್ದೂ ನಾನೇ ತಾನೇ. ಈಗ ಯಾಕೋ ಕೈ ಮುಂದೆ ಹೋಗಲಿಲ್ಲ. ಬಟ್ಟೆ ಮಡಿಸಿಟ್ಟು, ಕತ್ತು ಹೊರಳಿಸಿ, ಅಂದಾಜಿನ ಮೇಲೆ ಕಾರನ್ನು ಹಿಂದಕ್ಕೆ ಬಿಟ್ಟೆ. ಎದುರು ಮನೆಯ ಮುಂದೆ ಎಣ್ಣೆಯ ಕಲೆಯೊಂದೇ ಇತ್ತು. "ಬರ್ಲಿ, ಬರ್ಲಿ... ಸಾಕು ಮೇಷ್ಟ್ರೇ" ಎನ್ನಲು ಯಾರೂ ನಿಂತಿರಲಿಲ್ಲ.