ದೊಡ್ಡಣ್ಣನಿಗೆ ಇಟ್ಟ ಎಡೆ

ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಕುಡಿತ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬಲಗೈಯ ನಡುಕ ಹೋಗಿರಲಿಲ್ಲ. ಟೀ ಆಗಲಿ, ಮಜ್ಜಿಗೆಯಾಗಲಿ, ಬಾಯಿಗಿಡುವ ಮೊದಲು ಒಂದು ಸಲ ಮೂಸಿ ನೋಡುವರು. "ನಾನು ಬಿಟ್ಟೆ, ಮೂಗು ಇನ್ನೂ ಬಿಟ್ಟಿಲ್ಲ ಕಣೋ," ಎಂದು ನಗುವರು.

ಬಸವೇಶ್ವರನಗರದ ಒಂದು ಶಾಲೆಯ ಕೋಣೆಯಲ್ಲಿ ಭಾನುವಾರ ಸಂಜೆ ಸೇರುವ, ಕುಡಿತ ಬಿಟ್ಟವರ ಮತ್ತು ಬಿಡಲು ಒದ್ದಾಡುವವರ ಗುಂಪಿಗೆ ಅವರೇ ಹಿರಿಯರು. ನಾವೆಲ್ಲ ದೊಡ್ಡಣ್ಣ ಎನ್ನುತ್ತಿದ್ದೆವು. ನನ್ನ ಹೆಂಡತಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದು ನನ್ನನ್ನು ಅಲ್ಲಿ ಇಳಿಸಿದ ದಿನ, ಕುರ್ಚಿ ಎಳೆದು ಕೊಟ್ಟವರು ಅವರು.

ಸಭೆ ಮುಗಿಯುವಾಗ ಎಲ್ಲರೂ ಕೈ ಕೈ ಹಿಡಿದು, ನಮಗಿಂತ ದೊಡ್ಡ ಶಕ್ತಿಗೆ ನಮ್ಮನ್ನು ಒಪ್ಪಿಸಿಕೊಳ್ಳುತ್ತೇವೆ. ಅದು ಯಾವ ಶಕ್ತಿ ಎಂದು ನನಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. "ದೇವರಾ ಅಣ್ಣ?" ಎಂದು ಕೇಳಿದರೆ, "ಇರಬಹುದು," ಎಂದರು. ಇನ್ನೊಂದು ವಾರ ಕೇಳಿದ್ದಕ್ಕೆ, ಪಕ್ಕದ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ ಆಟೋ ಡ್ರೈವರನ್ನು ತೋರಿಸಿ, "ಇವತ್ತಿಗೆ ಇವನೇ ಅನ್ಕೋ," ಎಂದರು. ತಮಾಷೆಯೋ ನಿಜವೋ, ತಲೆಬುಡ ತಿಳಿಯಲಿಲ್ಲ.

ಅದಕ್ಕಿಂತ ತಲೆ ಕೆಡಿಸಿದ್ದು ಪಿತೃಪಕ್ಷ. ಕೆಂಗೇರಿಯ ಹಳೇ ಒಕ್ಕಲು ಮನೆ ಅವರದು. ಸತ್ತ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಫೋಟೋದ ಮುಂದೆ ಎಡೆಯಾಗಿ ಇಟ್ಟು, ಧೂಪ ಹಾಕಿ, ಅವರು ಬಂದು ಉಣ್ಣಲೆಂದು ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ದೊಡ್ಡಣ್ಣನ ತಂದೆಗೆ ಇಷ್ಟವಾದದ್ದು ಬ್ರಾಂದಿ. ಹಿರಿಮಗನೇ ತರಬೇಕು. "ಬಾರೋ ಜೊತೆಗೆ," ಎಂದು ನನ್ನನ್ನು ವೈನ್ ಸ್ಟೋರಿಗೆ ಕರೆದುಕೊಂಡು ಹೋದಾಗ ನಾನು ಮೆಟ್ಟಿಲ ಹತ್ತಿರವೇ ನಿಂತುಬಿಟ್ಟೆ.

"ಇದೇನಣ್ಣ, ನೀವೇ ಹಿಂಗೆ ಮಾಡಿದ್ರೆ?"

"ಅಪ್ಪನಿಗೆ ಇಷ್ಟ, ಇಡ್ಬೇಕು. ನನಗೂ ಇಷ್ಟ ಕಣೋ, ಇವತ್ತಿಗೂ. ಅದಕ್ಕೇ ನಿನ್ನ ಕರ್ಕೊಂಡು ಬಂದಿರೋದು. ಬಾಟ್ಲಿ ಇರೋ ಕಡೆ ನಾನು ಒಬ್ನೇ ಇರಲ್ಲ."

ಬಾಗಿಲು ಮುಚ್ಚಿ ಹೊರಗೆ ನಿಂತಾಗ ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು. ನಡುಗುತ್ತಿದ್ದದ್ದು ಅವರ ಕೈಯೋ, ನನ್ನದೋ. ನಾನು ಅವರನ್ನು ಕಾಯುತ್ತಿದ್ದೆನೋ, ಅವರು ನನ್ನನ್ನೋ, ಅದೂ ಗೊತ್ತಾಗಲಿಲ್ಲ. ಬಾಗಿಲು ತೆಗೆದ ಮೇಲೆ ಬಾಟಲಿಯನ್ನು ತಮ್ಮನ ಕೈಗೆ ದಾಟಿಸಿದರು. ನಾವಿಬ್ಬರೂ ಜಗಲಿಯ ಮೇಲೆ ಕೂತು ಕಜ್ಜಾಯ ತಿಂದೆವು. ಆಮೇಲೆ ಪ್ರತಿ ಪಕ್ಷಕ್ಕೂ ಹೀಗೇ.

ಹೋದ ವರ್ಷ ಎದೆನೋವು ಬಂದು ದೊಡ್ಡಣ್ಣ ಹೋಗಿಬಿಟ್ಟರು. ಕೊನೆಯವರೆಗೂ ಒಂದು ತೊಟ್ಟು ಮುಟ್ಟಲಿಲ್ಲ. ಈ ಸಲದ ಪಕ್ಷಕ್ಕೆ ಅವರ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಫೋನ್ ಮಾಡಿ ಕರೆದರು. ಹೋಗಿ ನೋಡಿದರೆ, ತಂದೆಯ ಫೋಟೋದ ಮುಂದೆ ಇದ್ದಂತೆ ದೊಡ್ಡಣ್ಣನ ಫೋಟೋದ ಮುಂದೆಯೂ ಒಂದು ಬಾಟಲಿ.

"ಬದುಕಿರೋ ತನಕ ಆಸೆ ಅದುಮ್ಕೊಂಡೇ ಇದ್ದ. ಈಗಾದ್ರೂ ಕುಡೀಲಿ ಬಿಡಿ," ಎಂದರು ಅವರ ತಮ್ಮ.

"ನನಗೇನೂ ತೋಚ್ತಾ ಇಲ್ಲಪ್ಪ, ನೀನೇ ಹೇಳು," ಎಂದರು ಅತ್ತಿಗೆ.

ಏನು ಹೇಳಲಿ? ಇಷ್ಟವಾದದ್ದನ್ನೇ ಇಡಬೇಕು, ಇಷ್ಟ ಎಂದು ಅವರ ಬಾಯಿಂದಲೇ ಕೇಳಿದ್ದೆ. ಆದರೆ ಅವರಿಗೂ ಕೊನೆಗೆ ಸಿಗುವುದು ಬಾಟಲಿಯೇ ಆದರೆ, ನಾನು ದಿನಾ ಹಲ್ಲು ಕಚ್ಚಿಕೊಂಡಿರುವುದು ಸಾಯುವ ತನಕ ಕಾಯುವುದಕ್ಕಷ್ಟೇನಾ? ಅಲ್ಲೇ ಒಂದು ಗುಟುಕು ಹಾಕಿಬಿಡೋಣ ಎನ್ನಿಸಿತು. ಹಿಡಿದುಕೊಳ್ಳಲು ಪಕ್ಕದಲ್ಲಿ ಆ ಕೈ ಇರಲಿಲ್ಲ.

"ಅವರಿಗೆ ಟೀ ಇಡಿ ಅತ್ತಿಗೆ," ಎಂದೆ.

ತಮ್ಮ ಗೊಣಗುತ್ತಲೇ ಆ ಬಾಟಲಿಯನ್ನೂ ತಂದೆಯ ಫೋಟೋದ ಕಡೆಗೆ ಸರಿಸಿದರು. ದೊಡ್ಡಣ್ಣನ ಅದೇ ಲೋಟದಲ್ಲಿ ಟೀ ಬಂತು. ಧೂಪ ಹಾಕಿ ಎಲ್ಲರೂ ಹೊರಗೆ ಬಂದೆವು. ಅವರ ತಮ್ಮ ಬಾಗಿಲು ಎಳೆಯುವಾಗ ನನ್ನ ಕೈ ತಾನಾಗಿ ಅಡ್ಡ ಹೋಯಿತು. ಒಳಗೆ ಬಾಟಲಿಗಳಿದ್ದವು.

"ಪೂರ್ತಿ ಮುಚ್ಚಬೇಡಿ."

"ಮುಚ್ಚದೇ ಇದ್ರೆ ಹಿರಿಯರು ಬರಲ್ಲ ಕಣಯ್ಯ."

ಬರುತ್ತಾರೋ ಇಲ್ಲವೋ ನಾನೇನು ಬಲ್ಲೆ. ಬಂದರೆ ದೊಡ್ಡಣ್ಣ ಒಬ್ಬರೇ ಇರಬಾರದು, ಅಷ್ಟು ಮಾತ್ರ ಗೊತ್ತಿತ್ತು. ಅತ್ತಿಗೆ ಮೈದುನನ ಕೈಯಿಂದ ಬಾಗಿಲು ಬಿಡಿಸಿದರು. ಅಂಗೈ ಅಗಲದ ಆ ಸಂದಿಯಲ್ಲಿ ನನ್ನ ಕೈಯನ್ನು ಒಳಗೆ ಚಾಚಿಕೊಂಡು ಹೊರಗೆ ನಿಂತೆ.